ಶಿಶು ಚಿತ್ರಪುಸ್ತಕಗಳಲ್ಲಿ ಪ್ರಾಣಿಮೈತ್ರಿಯ ನಿರೂಪಣೆ

ಮಕ್ಕಳ ಸಾಹಿತ್ಯದ ಪ್ರಕಾರಗಳಲ್ಲಿ ಚಿತ್ರಪುಸ್ತಕಕ್ಕೆ ವಿಶಿಷ್ಟ ಸ್ಥಾನವಿದೆ. ಇಲ್ಲಿ ಚಿತ್ರವು ಕಥೆಯ ಅಲಂಕಾರವಲ್ಲ, ಕಥನದ ಒಂದು ಅಂಗ. ಹಿರಿಯರು ಮಾತನ್ನು ಓದಿ ಹೇಳುತ್ತಿರುವಾಗ, ಅಕ್ಷರವರಿಯದ ಮಗು ಚಿತ್ರವನ್ನು ಓದುತ್ತಿರುತ್ತದೆ. ಪ್ರಾಣಿಗಳ ಗೆಳೆತನವನ್ನು ವಸ್ತುವಾಗುಳ್ಳ ಕೃತಿಗಳಲ್ಲಿ ಈ ಇಬ್ಬಗೆಯ ಓದಿನ ಮಹತ್ತ್ವ ಸ್ಪಷ್ಟವಾಗಿ ತೋರಿಬರುತ್ತದೆ.

ಈ ವಸ್ತುವಿಗೆ ಭಾರತದಲ್ಲಿ ದೀರ್ಘ ಪರಂಪರೆಯಿದೆ. ಸಂಸ್ಕೃತ ಪಂಚತಂತ್ರದ ಮಿತ್ರಸಂಪ್ರಾಪ್ತಿಯಲ್ಲಿ ಕಾಗೆ, ಇಲಿ, ಆಮೆ, ಜಿಂಕೆಗಳು ಮಿತ್ರರಾಗುತ್ತವೆ. 11ನೆಯ ಶತಮಾನದ ದುರ್ಗಸಿಂಹನು ವಸುಭಾಗನ ಸಂಪ್ರದಾಯವನ್ನು ಅನುಸರಿಸಿ ಪಂಚತಂತ್ರವನ್ನು ಕನ್ನಡದಲ್ಲಿ ಚಂಪೂರೂಪಕ್ಕೆ ತಂದನು. 8ನೆಯ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫಾ ರಚಿಸಿದ ಅರಬ್ಬೀ ರೂಪವಾದ ‘ಕಲೀಲಾ ವ ದಿಮ್ನಾ’ದ 13ನೆಯ ಶತಮಾನದ ಸಚಿತ್ರ ಹಸ್ತಪ್ರತಿಯೊಂದು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಆದರೆ ಇವುಗಳ ಉದ್ದೇಶ ರಾಜನೀತಿಯ ಬೋಧನೆಯೇ ಹೊರತು ಶಿಶುರಂಜನೆಯಲ್ಲ.

ಮೂಲಕಥೆಯ ಒಂದು ಅಂಶ ಗಮನಾರ್ಹ. ಕಾಗೆಯು ಸ್ನೇಹವನ್ನು ಬೇಡಿದಾಗ ಇಲಿ ಒಡನೆಯೇ ಒಪ್ಪುವುದಿಲ್ಲ. ತಾನು ಆಹಾರ, ಕಾಗೆ ಭಕ್ಷಕ; ಇವರಲ್ಲಿ ಮೈತ್ರಿ ಹೇಗೆ ಸಾಧ್ಯವೆಂಬುದು ಅದರ ಪ್ರಶ್ನೆ. ಕಥೆಯನ್ನು ಮಕ್ಕಳಿಗಾಗಿ ಸಂಕ್ಷೇಪಿಸುವಾಗ ಮೊದಲು ಕೈಬಿಡಬಹುದೆಂದು ತೋರುವುದು ಈ ವಾದವೇ. ಆದರೆ ಅದನ್ನು ಕೈಬಿಟ್ಟರೆ ಮೈತ್ರಿ ಗಳಿಕೆಯಾಗದೆ ಕೇವಲ ಘೋಷಣೆಯಾಗುತ್ತದೆ. ದೀರ್ಘ ಸಂವಾದಕ್ಕೆ ಚಿತ್ರಪುಸ್ತಕದಲ್ಲಿ ಅವಕಾಶವಿಲ್ಲವೆಂಬುದು ನಿಜ. ಆದರೆ ಬಿಲದೊಳಗಿನಿಂದ ಇಣುಕುವ ಇಲಿ, ಹೊರಗೆ ಕಾದು ಕುಳಿತ ಕಾಗೆ, ಪುಟದಿಂದ ಪುಟಕ್ಕೆ ಕಡಿಮೆಯಾಗುವ ಅವೆರಡರ ಅಂತರ, ಇಷ್ಟರಿಂದಲೇ ಆ ಸಂದೇಹವನ್ನೂ ಅದರ ಪರಿಹಾರವನ್ನೂ ಚಿತ್ರಕಾರನು ಕಾಣಿಸಬಲ್ಲನು.

ಚಿತ್ರದ ಈ ಸಾಮರ್ಥ್ಯಕ್ಕೆ ಲಿಯೋ ಲಿಯೊನ್ನಿಯವರ ‘ಫಿಶ್ ಈಸ್ ಫಿಶ್’ (1970) ಉತ್ತಮ ನಿದರ್ಶನ. ಮರಿಮೀನು ಮತ್ತು ಗೊದಮೊಟ್ಟೆ ಒಂದೇ ಕೊಳದ ಗೆಳೆಯರು. ಗೊದಮೊಟ್ಟೆ ಕಪ್ಪೆಯಾಗಿ ದಡವೇರಿ, ಮರಳಿ ಬಂದು ಹಕ್ಕಿ, ಹಸು, ಮನುಷ್ಯರನ್ನು ವರ್ಣಿಸುತ್ತದೆ. ಕಪ್ಪೆಯ ಮಾತು ಸರಿಯಾಗಿಯೇ ಇದೆ; ಆದರೆ ಮೀನು ಕಲ್ಪಿಸಿಕೊಳ್ಳುವ ಹಸುವಿಗೆ ಕೊಂಬು, ಕೆಚ್ಚಲುಗಳ ಜೊತೆಗೆ ಮೀನಿನ ದೇಹ! ಈ ಕಲ್ಪನೆ ತಪ್ಪೆಂಬ ವಿವರಣೆ ಅಲ್ಲಿಲ್ಲ. ಮಗು ಅದನ್ನು ಚಿತ್ರದಿಂದಲೇ ಕಂಡುಕೊಂಡು ನಗುತ್ತದೆ. ಮುಂದೆ ದಡಕ್ಕೆ ಹಾರಿ ಉಸಿರುಗಟ್ಟಿದ ಮೀನನ್ನು ಕಪ್ಪೆ ನೀರಿಗೆ ತಳ್ಳಿ ಉಳಿಸುತ್ತದೆ. ಗೆಳೆಯನನ್ನು ತನ್ನಂತಾಗಿಸದೆ, ಅವನಿಗೆ ಸಲ್ಲುವ ನೆಲೆಗೆ ಮರಳಿಸುವುದೇ ಇಲ್ಲಿ ಮೈತ್ರಿಯ ಲಕ್ಷಣ.

2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್‌ನಂತಹ ಸಂಸ್ಥೆಗಳು ಅವೇ ಚಿತ್ರಗಳೊಡನೆ ಒಂದು ಕಥೆಯನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪ್ರಕಟಿಸುತ್ತಿವೆ. ಚಿತ್ರ ಸ್ಥಿರವಾಗಿದ್ದು ಮಾತು ಮಾತ್ರ ಬದಲಾಗುವ ಇಂತಹ ಸಂದರ್ಭದಲ್ಲಿ ಅನುವಾದಕನ ಹೊಣೆ ಹೆಚ್ಚುತ್ತದೆ. ಚಿತ್ರವು ಆಗಲೇ ತೋರಿದುದನ್ನು ಮಾತು ಮತ್ತೆ ವಿವರಿಸಿದರೆ, ಅಥವಾ ಕೊನೆಯಲ್ಲಿ ನೀತಿವಾಕ್ಯವನ್ನು ಜೋಡಿಸಿದರೆ, ಮಗುವಿನ ಪಾಲಿನ ಓದನ್ನು ಹಿರಿಯರೇ ಕಸಿದುಕೊಂಡಂತಾಗುತ್ತದೆ. ಚಿತ್ರಪುಸ್ತಕಗಳ ವಿಮರ್ಶೆಯಲ್ಲಿಯೂ ಗ್ರಂಥಾಲಯಗಳ ಆಯ್ಕೆಯಲ್ಲಿಯೂ ಈ ಅಂಶ ಪರಿಶೀಲನಾರ್ಹವಾಗಿದೆ.