ನರ-ಸ್ನಾಯುಗಳ ನಡುವಣ ತೆರಪು

ರಾಮದುರ್ಗದ ಕುಣಿಮಗ್ಗವನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಕಾಲುಮಣೆಯನ್ನು ಒತ್ತುವುದು ಎಷ್ಟು ಮುಖ್ಯವೋ, ಅದರಿಂದ ಕಾಲು ತೆಗೆಯುವುದೂ ಅಷ್ಟೇ ಮುಖ್ಯ. ಒತ್ತಿದ ಕಾಲು ಒತ್ತಿದಂತೆಯೇ ಉಳಿದರೆ ಲಾಳಿ ಎಷ್ಟು ಓಡಿದರೂ ನೆಯ್ಗೆಯಾಗದು. ನರವು ಸ್ನಾಯುವಿಗೆ ಅಪ್ಪಣೆ ಕೊಡುವ ಬಗೆಯನ್ನು ಓದುವಾಗಲೆಲ್ಲ ನನಗೆ ಈ ಮಗ್ಗವೇ ನೆನಪಾಗುತ್ತದೆ.

ನರದ ತುದಿ ಸ್ನಾಯುವನ್ನು ಮುಟ್ಟುವುದಿಲ್ಲ. ನಡುವೆ ಮಿಲಿಮೀಟರಿನ ಸುಮಾರು 20,000ದಲ್ಲೊಂದು ಪಾಲಿನ ತೆರಪಿದೆ. ವಿದ್ಯುತ್ ಸ್ಪಂದನ ಅದನ್ನು ದಾಟಲಾರದು. ಆದ್ದರಿಂದ ನರದ ತುದಿ ಅಸಿಟೈಲ್‌ಕೋಲಿನ್ ಎಂಬ ದ್ರವ್ಯವನ್ನು ಸೂಸುತ್ತದೆ. ಅದು ಆಚೆಯ ದಡದ ಗ್ರಾಹಕಗಳಿಗೆ ತಗುಲಿದಾಗ ಸ್ನಾಯು ಸಂಕುಚಿಸುತ್ತದೆ. ನರಗಳು ಹೀಗೆ ರಸಾಯನದ ಮೂಲಕ ಮಾತಾಡುತ್ತವೆಂಬುದನ್ನು ಆಟೊ ಲೊವಿ 1921ರಲ್ಲಿ ಕಪ್ಪೆಯ ಹೃದಯದ ಪ್ರಯೋಗದಿಂದ ತೋರಿಸಿದರು. 1936ರಲ್ಲಿ ಅವರಿಗೂ ಹೆನ್ರಿ ಡೇಲ್ ಅವರಿಗೂ ನೊಬೆಲ್ ಪಾರಿತೋಷಕ ಸಂದಿತು.

ಅಪ್ಪಣೆ ತಲುಪಿದೊಡನೆ ದೂತ ಅಳಿಯಬೇಕು. ತೆರಪಿನಲ್ಲೇ ಕಾದಿರುವ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಸುಪಾಸಿನಲ್ಲಿ ಅದನ್ನು ಸೀಳಿಬಿಡುತ್ತದೆ. ಸೀಳಿನಲ್ಲಿ ಉಳಿದ ಕೋಲಿನ್ನನ್ನು ನರ ಮರಳಿ ಹೀರಿಕೊಂಡು ಹೊಸ ದ್ರವ್ಯ ಕಟ್ಟುತ್ತದೆ. ಒಳ್ಳೆಯ ಗೃಹಿಣಿಯ ಮಿತವ್ಯಯ!

ಇನ್ನು ಮಗ್ಗದಿಂದ ಹೊಲಕ್ಕೆ ಬರೋಣ. ಬೈಲಹೊಂಗಲ, ಸವದತ್ತಿಗಳ ಎರೆಭೂಮಿ ಹತ್ತಿಗೆ ಹೆಸರಾದದ್ದು. 1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿಯಂಥ ಸಂಕರ ತಳಿಗಳು ಇಳುವರಿಯನ್ನು ತಂದವು. ಅವುಗಳ ಬೆನ್ನಿಗೇ ಕೀಟಗಳೂ ಸಿಂಪಡಣೆಯ ಡಬ್ಬಿಗಳೂ ಬಂದವು. ಕಿತ್ತೂರಿನ ಮಲೆನಾಡ ಸೆರಗಿನಿಂದ ರಾಮದುರ್ಗದ ಬಯಲಿನವರೆಗೆ ಇದಕ್ಕೆ ‘ಎಣ್ಣಿ ಹೊಡಿಯೂದು’ ಎಂಬ ಮಾತೇ ರೂಢಿ. ಎಷ್ಟು ಸೌಮ್ಯವಾದ ಹೆಸರು! ಆರ್ಗನೋಫಾಸ್ಫೇಟ್ ಗುಂಪಿನ ಈ ‘ಎಣ್ಣೆ’ ಕೀಟದ ನರಮಂಡಲದಲ್ಲಿರುವ ಇದೇ ಕಿಣ್ವವನ್ನು ಹಿಡಿದು ಕಟ್ಟಿಹಾಕುತ್ತದೆ. ಕೀಟಕ್ಕೂ ಹೊಡೆಯುವವನಿಗೂ ಅದು ಭೇದವೆಣಿಸದು. ಬರಿಯ ಚರ್ಮದಿಂದಲೂ ಒಳಸೇರುತ್ತದೆ. ತೊಯ್ದ ಅಂಗಿಯನ್ನು ಆಗಲೇ ಕಳಚಿ ಸಾಬೂನಿನಿಂದ ಮೈ ತೊಳೆಯಬೇಕೆನ್ನುವುದು ಇದಕ್ಕಾಗಿಯೇ.

ಕಿಣ್ವ ಸೋತಾಗ ದೂತ ಅಳಿಯದೆ ಉಳಿಯುತ್ತಾನೆ. ಬೆವರು, ಜೊಲ್ಲು ಸುರಿಯುತ್ತವೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಸ್ನಾಯುಗಳು ಮೊದಲು ಅದುರಿ, ಅಪ್ಪಣೆಗಳ ಭಾರದಲ್ಲಿಯೇ ನಿಶ್ಶಕ್ತವಾಗುತ್ತವೆ. ಅಟ್ರೊಪಿನ್ ಸೂಜಿಮದ್ದು ಜೊಲ್ಲನ್ನೂ ಎದೆಯ ಕಫವನ್ನೂ ಒಣಗಿಸಿ ಜೀವ ಉಳಿಸುತ್ತದೆ, ನಿಜ. ಆದರೆ ನರ-ಸ್ನಾಯುಗಳ ತೆರಪಿನಲ್ಲಿ ಅದರ ಆಟ ನಡೆಯದು. ‘ಈಗ ಆರಾಮ ಆಗೇನಿ’ ಎಂದು ಮನೆಗೆ ಅವಸರಿಸುವ ರೋಗಿಯ ಅಪಾಯ ಇಲ್ಲಿದೆ. ಮೊದಲ ಲಕ್ಷಣಗಳು ಇಳಿದ ಮೇಲೆ, ವಿಷ ಸೇರಿದ ಒಂದರಿಂದ ನಾಲ್ಕು ದಿನಗಳೊಳಗೆ, ಕೊರಳಿನ ಮತ್ತು ಉಸಿರಾಟದ ಸ್ನಾಯುಗಳು ಮತ್ತೆ ಸೋಲಬಹುದೆಂದು ಶ್ರೀಲಂಕೆಯ ವೈದ್ಯರು 1987ರಲ್ಲಿ ವಿವರಿಸಿದರು. ದಿಂಬಿನಿಂದ ತಲೆ ಎತ್ತಲಾಗದಿರುವುದು ಅದರ ಮೊದಲ ಸೂಚನೆಗಳಲ್ಲೊಂದು. ಅಷ್ಟರಲ್ಲಿ ಕೃತಕ ಉಸಿರಾಟದ ಆಸರೆ ದೊರೆತವರಿಗೆ 5ರಿಂದ 18 ದಿನಗಳಲ್ಲಿ ಬಲ ಮರಳಿತ್ತು.