ಹೊಸ ರ‍್ಯಾಮ್ ಹಾಕಿದ ಮೇಲೆ ಕಂಪ್ಯೂಟರ್ ಆನ್ ಆಗದಿದ್ದರೆ

ಸೈನ್ಸ್ ಇರಲಿ, ಕಾಮರ್ಸ್ ಇರಲಿ, ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ನಮ್ಮ ಹಲವು ವಿದ್ಯಾರ್ಥಿಗಳ ಮನೆಯಲ್ಲಿರುವುದು ಯಾವುದೋ ಆಫೀಸಿನಿಂದ ಹೊರಬಂದ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್. ಅದರಲ್ಲಿ 4 ಜಿಬಿ ರ‍್ಯಾಮ್ ಇರುತ್ತದೆ. ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತದೆ. ಹಾಗಾಗಿ ಇನ್ನೊಂದು ರ‍್ಯಾಮ್ ತಂದು ಹಾಕುತ್ತಾರೆ. ಹೆಚ್ಚಿನವರಿಗೆ ಕೆಲಸ ಸಲೀಸಾಗಿ ಮುಗಿಯುತ್ತದೆ. ಕೆಲವರು ಮಾತ್ರ ಮರುದಿನ ಸಪ್ಪೆ ಮುಖ ಹಾಕಿಕೊಂಡು ಲ್ಯಾಬಿಗೆ ಬರುತ್ತಾರೆ: "ಸರ್, ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಮದರ್‌ಬೋರ್ಡ್ ಹೋಗಿದೆ ಅಂತ ಅಂಗಡಿಯವರು ಹೇಳಿದರು."

ಬಹುಪಾಲು ಮದರ್‌ಬೋರ್ಡ್ ಹೋಗಿರುವುದಿಲ್ಲ. ಹೊಸ ಬೋರ್ಡಿಗೆ ಮನೆಯವರಿಂದ ಹಣ ಕೇಳುವ ಮೊದಲು ಅರ್ಧ ಗಂಟೆ ಕೂತು ನೋಡಿದರೆ ಕಾರಣ ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ. ಇನ್ನೊಂದು ಭಯವನ್ನೂ ಮೊದಲೇ ಬಿಡಿ. ನಿಮ್ಮ ಪ್ರಾಜೆಕ್ಟ್, ನೋಟ್ಸ್, ಫೋಟೊ ಎಲ್ಲ ಇರುವುದು ಹಾರ್ಡ್‌ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿ. ರ‍್ಯಾಮ್ ತೆಗೆದು ಹಾಕುವುದರಿಂದ ಅದರಲ್ಲಿ ಒಂದು ಅಕ್ಷರವೂ ಅಳಿಯುವುದಿಲ್ಲ.

ಸ್ಕ್ರೀನ್ ಏಕೆ ಕಪ್ಪಾಗುತ್ತದೆ? ಪವರ್ ಬಟನ್ ಒತ್ತಿದಾಗ ಪ್ರೊಸೆಸರ್ ಮೊದಲು ಓದುವುದು ವಿಂಡೋಸನ್ನಲ್ಲ, ಮದರ್‌ಬೋರ್ಡಿನ ಒಂದು ಚಿಪ್‌ನಲ್ಲಿರುವ ಬಯೋಸ್ ಎಂಬ ಚಿಕ್ಕ ಪ್ರೋಗ್ರಾಮನ್ನು. ಬಯೋಸ್ ಮಾಡುವ ಮೊದಮೊದಲ ಕೆಲಸಗಳಲ್ಲಿ ರ‍್ಯಾಮನ್ನು ಗುರುತಿಸುವುದೂ ಒಂದು. ಪ್ರತಿ ರ‍್ಯಾಮ್ ಪಟ್ಟಿಯ ಮೇಲೂ ಒಂದು ಪುಟ್ಟ ಚಿಪ್ ಇರುತ್ತದೆ. ತನ್ನ ಗಾತ್ರ ಎಷ್ಟು, ವೇಗ ಎಷ್ಟು, ಎಷ್ಟು ವೋಲ್ಟೇಜ್ ಬೇಕು ಎಂಬ ಜಾತಕವೆಲ್ಲ ಅದರಲ್ಲಿ ಬರೆದಿರುತ್ತದೆ. ಬಯೋಸ್ ಅದನ್ನು ಓದಿ, ಅದಕ್ಕೆ ತಕ್ಕಂತೆ ರ‍್ಯಾಮನ್ನು ಎಬ್ಬಿಸುತ್ತದೆ. ಇದು ಮುಗಿಯದೆ ಪರದೆಯ ಮೇಲೆ ಚಿತ್ರ ಮೂಡಿಸುವ ಹಂತಕ್ಕೆ ಅದು ಬರುವುದೇ ಇಲ್ಲ. "ರ‍್ಯಾಮ್ ಸರಿಯಿಲ್ಲ" ಎಂದು ಪರದೆಯಲ್ಲಿ ಬರೆಯಲೂ ರ‍್ಯಾಮ್ ಬೇಕು! ಅದಕ್ಕೇ ಹಳೆಯ ಬೋರ್ಡುಗಳು ಬೀಪ್ ಶಬ್ದ ಮಾಡಿ ಹೇಳುತ್ತವೆ. ಎಷ್ಟು ಬೀಪ್‌ಗೆ ಏನರ್ಥ ಎಂಬುದು ಬಯೋಸ್ ಕಂಪನಿಗೊಂದರಂತೆ ಬೇರೆ. ಆದರೆ ಉದ್ದುದ್ದ ಬೀಪ್ ನಿಲ್ಲದೆ ಬರುತ್ತಿದ್ದರೆ ರ‍್ಯಾಮ್ ಮೇಲೆ ಅನುಮಾನ ಪಡಬಹುದು. ಅಸೆಂಬಲ್ ಮಾಡಿದ ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ಆ ಪುಟ್ಟ ಸ್ಪೀಕರನ್ನೇ ಜೋಡಿಸಿರುವುದಿಲ್ಲ. ಬೀಪ್ ಬರಲಿಲ್ಲ ಎಂದ ಮಾತ್ರಕ್ಕೆ ಬೋರ್ಡ್ ಸತ್ತಿದೆ ಎಂದುಕೊಳ್ಳಬೇಡಿ.

ಈಗ ಕೆಲಸಕ್ಕೆ ಇಳಿಯೋಣ. ಸ್ವಿಚ್ ಆಫ್ ಮಾಡಿದರೆ ಸಾಲದು, ಪವರ್ ಕೇಬಲನ್ನೇ ಕಳಚಿ. ಕೇಬಲ್ ಇದ್ದು ಸ್ವಿಚ್ ಆನ್ ಇರುವವರೆಗೆ, ಕಂಪ್ಯೂಟರ್ ಶಟ್‌ಡೌನ್ ಆಗಿದ್ದರೂ ಬೋರ್ಡಿಗೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಕಳಚಿದ ಮೇಲೆ ಪವರ್ ಬಟನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಉಳಿದ ವಿದ್ಯುತ್ತೂ ಖಾಲಿಯಾಗುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ ಶುರು ಮಾಡಿ. ಮೈಮೇಲಿನ ಸ್ಥಾಯಿ ವಿದ್ಯುತ್ ಚಿಪ್‌ಗೆ ಶತ್ರು. ಪಾಲಿಯೆಸ್ಟರ್ ಬಟ್ಟೆ, ಶಾಲುಗಳಲ್ಲಿ ಅದು ಜಾಸ್ತಿ.

ಮೊದಲ ಹೆಜ್ಜೆ ಹಿಂದಕ್ಕೆ ಹೋಗುವುದು. ಹೊಸ ರ‍್ಯಾಮ್ ತೆಗೆದು, ಹಳೆಯದನ್ನು ಅದರ ಹಳೆಯ ಸ್ಲಾಟ್‌ನಲ್ಲೇ ಹಾಕಿ ಆನ್ ಮಾಡಿ. ಆನ್ ಆಯಿತೇ? ಹಾಗಾದರೆ ಬೋರ್ಡ್, ಪ್ರೊಸೆಸರ್, ಪವರ್ ಸಪ್ಲೈ ಮೂರೂ ಸರಿಯಿವೆ. ಆಗದಿದ್ದರೆ ಕೈ ತಾಗಿ ಸಡಿಲವಾದ ಕೇಬಲ್ ಹುಡುಕಿ. ಪ್ರೊಸೆಸರ್ ಬಳಿಯ ನಾಲ್ಕು ಪಿನ್ನಿನ ಪವರ್ ಕೇಬಲ್, ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಕೇಬಲ್, ಇವೇ ಸಾಮಾನ್ಯ ಆರೋಪಿಗಳು.

ಮುಂದಿನದು ನೀವು ಕ್ಲಾಸಿನಲ್ಲಿ ಬರೆಯುವ ಟ್ರುತ್ ಟೇಬಲ್ಲೇ. ಎರಡು ರ‍್ಯಾಮ್, ಎರಡು ಸ್ಲಾಟ್. ಒಂದೊಂದನ್ನೇ ಹಾಕಿದರೆ ನಾಲ್ಕು ಪರೀಕ್ಷೆ. ಹೊಸ ರ‍್ಯಾಮ್ ಎರಡೂ ಸ್ಲಾಟ್‌ಗಳಲ್ಲಿ ಸೋತು, ಹಳೆಯದು ಎರಡರಲ್ಲೂ ಗೆದ್ದರೆ, ದೋಷ ಅಥವಾ ಹೊಂದಾಣಿಕೆಯ ತೊಂದರೆ ಹೊಸ ರ‍್ಯಾಮ್‌ನದ್ದು. ಎರಡೂ ರ‍್ಯಾಮ್ ಒಂದೇ ಸ್ಲಾಟ್‌ನಲ್ಲಿ ಸೋತರೆ ಸ್ಲಾಟ್‌ನದ್ದು. ನಾಲ್ಕರಲ್ಲೂ ಗೆದ್ದು, ಎರಡನ್ನೂ ಒಟ್ಟಿಗೆ ಹಾಕಿದಾಗ ಮಾತ್ರ ಸೋತರೆ ಅವೆರಡರ ಜೋಡಿ ಕೂಡಿಬರುತ್ತಿಲ್ಲ ಎಂದರ್ಥ. ಪ್ರತಿ ಸಲವೂ ಒಂದನ್ನೇ ಬದಲಿಸಿ, ಫಲಿತಾಂಶವನ್ನು ಕಾಗದದ ಮೇಲೆ ಬರೆಯಿರಿ. ಎರಡು ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ.

ರ‍್ಯಾಮ್ ಸರಿಯಾಗಿ ಕೂರದಿರುವುದು ಅತಿ ಸಾಮಾನ್ಯ ಕಾರಣ. ಕೂರಿಸಲು ನಾವಂದುಕೊಂಡಿದ್ದಕ್ಕಿಂತ ಹೆಚ್ಚು ಬಲ ಬೇಕು. ಎರಡೂ ತುದಿ ಸಮನಾಗಿ ಇಳಿದು, ಪಕ್ಕದ ಕ್ಲಿಪ್ ಟಕ್ಕೆಂದು ತಾನಾಗಿ ಮುಚ್ಚಿಕೊಳ್ಳಬೇಕು. ಕರಾವಳಿಯವರಿಗೆ ಇನ್ನೊಂದು ತೊಂದರೆ: ಉಪ್ಪುಗಾಳಿ, ಮಳೆಗಾಲದ ತೇವ. ಹಳೆಯ ರ‍್ಯಾಮಿನ ಚಿನ್ನದ ಬಣ್ಣದ ಪಿನ್ನುಗಳ ಮೇಲೆ ಮಬ್ಬು ಪದರ ಕೂರುತ್ತದೆ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಪದ್ಧತಿ ನಮ್ಮಲ್ಲಿದೆ. ಅದು ಕೆಲಸ ಮಾಡುವುದೂ ನಿಜ. ಆದರೆ ರಬ್ಬರಿನ ಪುಡಿ ಸ್ಲಾಟಿಗೆ ಬಿದ್ದರೆ ಹೊಸ ತಲೆನೋವು. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೆತ್ತನೆ ಬಟ್ಟೆಯಿಂದ ಒರೆಸಿ, ಒಣಗಲು ಬಿಡುವುದೇ ವಾಸಿ.

ಇನ್ನು ಹೊಂದಾಣಿಕೆ. ಅಂಗಡಿಯಲ್ಲಿ ಮೋಸ ಹೋಗುವುದು ಇಲ್ಲೇ. ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್, ಡಿಡಿಆರ್4ಕ್ಕೆ 288. ಪಿನ್ನುಗಳ ನಡುವಿನ ಕಚ್ಚು ಒಂದೊಂದರಲ್ಲಿ ಒಂದೊಂದು ಜಾಗದಲ್ಲಿರುತ್ತದೆ. ಕಚ್ಚು ಹೊಂದದಿದ್ದರೆ ಒತ್ತಬೇಡಿ, ಅದು ಆ ಸ್ಲಾಟಿನದ್ದಲ್ಲ. ಕಚ್ಚು ಹೊಂದಿದರೂ ಗೆದ್ದಂತಲ್ಲ. ಲೇಬಲ್ ಓದಿ. 'ಪಿಸಿ3-12800ಯು' ಎಂದಿದ್ದರೆ ಅದು ಡಿಡಿಆರ್3, ವೇಗ 1600. (1600ನ್ನು 8 ಬೈಟ್‌ಗಳಿಂದ ಗುಣಿಸಿ, 12800 ಸಿಗುತ್ತದೆ.) ಕೊನೆಯ 'ಯು' ಸಾಮಾನ್ಯ ಡೆಸ್ಕ್‌ಟಾಪಿನದ್ದು, 'ಎಸ್' ಲ್ಯಾಪ್‌ಟಾಪಿನದ್ದು. 'ಆರ್' ಎಂದಿದ್ದರೆ ಸರ್ವರಿನಿಂದ ಕಿತ್ತ ಮಾಲು. ಅಗ್ಗಕ್ಕೆ ಸಿಗುತ್ತದೆ, ಸ್ಲಾಟಿನಲ್ಲೂ ಕೂರುತ್ತದೆ, ಆದರೆ ಮನೆಯ ಮಾಮೂಲಿ ಬೋರ್ಡ್ ಅದರಿಂದ ಆನ್ ಆಗುವುದಿಲ್ಲ.

ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಧಾರಾಳವಾಗಿರುವ ಎಚ್61 ಬೋರ್ಡುಗಳಲ್ಲಿ (ಇವು 2011ರಲ್ಲಿ ಬಂದವು) ಇನ್ನೊಂದು ಸೂಕ್ಷ್ಮವಿದೆ. ಆ ಕಾಲದ ಇಂಟೆಲ್ ಪ್ರೊಸೆಸರ್‌ಗಳು ಒಂದು ಚಿಪ್‌ನಲ್ಲಿ 4 ಗಿಗಾಬಿಟ್‌ಗಿಂತ ಹೆಚ್ಚಿರುವ ಡಿಡಿಆರ್3 ರ‍್ಯಾಮನ್ನು ಅರಿಯವು. 8 ಜಿಬಿ ರ‍್ಯಾಮ್ ಕೊಳ್ಳುವಾಗ ಎರಡೂ ಬದಿ ಸೇರಿ 16 ಚಿಪ್ ಇರುವುದನ್ನು ಎಣಿಸಿ ತನ್ನಿ. ಎಂಟೇ ಚಿಪ್‌ಗಳ 8 ಜಿಬಿ ರ‍್ಯಾಮ್ ಚೆನ್ನಾಗಿಯೇ ಇದ್ದರೂ ಇಲ್ಲಿ ಕಪ್ಪು ಪರದೆಯೇ ಗತಿ. ಲ್ಯಾಪ್‌ಟಾಪ್‌ನವರು ವೋಲ್ಟೇಜನ್ನೂ ನೋಡಬೇಕು. 1.35 ವೋಲ್ಟಿನ 'ಪಿಸಿ3ಎಲ್' ರ‍್ಯಾಮ್ 1.5 ವೋಲ್ಟ್ ಕೊಡುವ ಸ್ಲಾಟಿನಲ್ಲೂ ನಡೆಯುತ್ತದೆ. 1.35 ವೋಲ್ಟ್ ಮಾತ್ರ ಕೊಡುವ ಲ್ಯಾಪ್‌ಟಾಪಿಗೆ 1.5 ವೋಲ್ಟಿನದ್ದು ಆಗದು. ಅಂಗಡಿಗೆ ಹೋಗುವಾಗ ಹಳೆಯ ರ‍್ಯಾಮನ್ನೇ ಒಯ್ಯಿರಿ, ಹೊಂದದಿದ್ದರೆ ಬದಲಿಸಿ ಕೊಡುತ್ತಾರೆಯೇ ಎಂದು ಹಣ ಕೊಡುವ ಮೊದಲೇ ಕೇಳಿ.

ಎಲ್ಲ ಹೊಂದಿದ್ದರೂ ಆನ್ ಆಗದಿದ್ದರೆ ಬಯೋಸ್ ಹಳೆಯ ಸೆಟ್ಟಿಂಗನ್ನೇ ಹಿಡಿದು ಕೂತಿರಬಹುದು. ಕೇಬಲ್ ಕಳಚಿ, ಬೋರ್ಡಿನ ದುಂಡನೆಯ 3 ವೋಲ್ಟ್ ಸೆಲ್ (ಸಿಆರ್2032) ತೆಗೆದು ಕೆಲವು ನಿಮಿಷ ಬಿಟ್ಟು ಮತ್ತೆ ಹಾಕಿ. ಆನ್ ಆದ ಮೇಲೆ ದಿನಾಂಕ, ಸಮಯ ಸರಿಪಡಿಸಲು ಮರೆಯಬೇಡಿ. ದಿನಾಂಕ ತಪ್ಪಿದ್ದರೆ ಸ್ಕಾಲರ್‌ಶಿಪ್ ಅರ್ಜಿಯ ವೆಬ್‌ಸೈಟ್ ಕೂಡ ಸುರಕ್ಷಿತವಲ್ಲ ಎಂದು ಬಾಗಿಲು ಹಾಕೀತು. ಹೊಚ್ಚಹೊಸ ಡಿಡಿಆರ್5 ಯಂತ್ರವಾಗಿದ್ದರೆ ಗಾಬರಿ ಬೇಡ. ಮೊದಲ ಸಲ ರ‍್ಯಾಮ್ ಹೊಂದಿಸಿಕೊಳ್ಳಲು ಅದಕ್ಕೆ ಹಲವು ನಿಮಿಷ ಹಿಡಿಯಬಹುದು, ಕಾಯಿರಿ.

ಆನ್ ಆಗಿ ಆಮೇಲೆ ನೀಲಿ ಪರದೆ ಬರುವುದು, ತಾನಾಗಿ ರೀಸ್ಟಾರ್ಟ್ ಆಗುವುದು ಪೂರ್ತಿ ಆನ್ ಆಗದಿರುವುದಕ್ಕಿಂತ ಅಪಾಯ. ಅರೆಬರೆ ಕೆಟ್ಟ ರ‍್ಯಾಮಿನಲ್ಲಿ ಹಾದುಹೋಗುವಾಗ ಬದಲಾದ ಮಾಹಿತಿಯೇ ಡಿಸ್ಕಿನಲ್ಲಿ ಸೇವ್ ಆಗುತ್ತದೆ. ನಾನು ಮೊದಲು ಕೊಟ್ಟ ಭರವಸೆ ಇಲ್ಲಿ ನಡೆಯದು. ಹೊಸ ರ‍್ಯಾಮ್ ಕೂಡಲೇ ತೆಗೆದು, ಹಳೆಯದರಲ್ಲೇ ಮುಖ್ಯ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಆಮೇಲೆ ಹೊಸದೊಂದನ್ನೇ ಹಾಕಿ, ಸ್ಟಾರ್ಟ್ ಮೆನುವಿನಲ್ಲಿ 'ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್' ಎಂದು ಹುಡುಕಿ ಪರೀಕ್ಷೆ ನಡೆಸಿ. ಒಂದೇ ಒಂದು ದೋಷ ತೋರಿಸಿದರೂ ಅಂಗಡಿಗೆ ಹಿಂತಿರುಗಿಸಿ. ಸ್ವಲ್ಪ ಕೆಟ್ಟ ರ‍್ಯಾಮ್ ಎಂಬುದಿಲ್ಲ.

ಇಷ್ಟೆಲ್ಲ ಮಾಡಿಯೂ ದಾರಿ ಕಾಣದಿದ್ದರೆ ಎರಡೂ ರ‍್ಯಾಮ್, ನಾಲ್ಕು ಪರೀಕ್ಷೆಗಳ ಫಲಿತಾಂಶ ಬರೆದ ಆ ಕಾಗದ ಹಿಡಿದು ಲ್ಯಾಬಿಗೆ ಬನ್ನಿ. ಶುಕ್ರವಾರ ಮಧ್ಯಾಹ್ನ ಜುಮಾ ನಮಾಝಿನ ಹೊತ್ತು ಬಿಟ್ಟು ಉಳಿದ ದಿನ ಕೊನೆಯ ಪೀರಿಯಡ್ ಆದ ಮೇಲೆ ಲ್ಯಾಬ್ ತೆರೆದಿರುತ್ತದೆ. ರ‍್ಯಾಮನ್ನು ಬರಿಗೈಯಲ್ಲಿ ಅಥವಾ ಮಾಮೂಲಿ ಪ್ಲಾಸ್ಟಿಕ್ ಕವರಿನಲ್ಲಿ ತರಬೇಡಿ. ಹೊಸದು ಬಂದಿದ್ದ ಪ್ಯಾಕಿನಲ್ಲೇ ಹಾಕಿ ತನ್ನಿ.