ನಮ್ಮ ಸೀಮೆಯ ನೀರು: ಹರಿಗೋಲು, ಗಾಳ ಮತ್ತು ಬಿಡಾರ

ಹೊರದೇಶಗಳಲ್ಲಿ ನೆಲೆಸಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಕೆನಡಾದ ಆಲ್ಗಾಂಕ್ವಿನ್ ಅರಣ್ಯದ ಸರೋವರಗಳನ್ನು ಕಂಡಿರಬಹುದು. ಅಲ್ಲಿ ಪ್ರವಾಸಿಗರು ದೋಣಿಯನ್ನು ಹೆಗಲ ಮೇಲೆ ಹೊತ್ತು ಒಂದು ಸರೋವರದಿಂದ ಇನ್ನೊಂದಕ್ಕೆ ಸಾಗುತ್ತಾರೆ, ಗಾಳ ಹಾಕುತ್ತಾರೆ, ದಡದಲ್ಲಿ ಬಿಡಾರ ಹೂಡುತ್ತಾರೆ. ಮಳೆ ಕಡಿಮೆಯಾದ ನಮ್ಮ ಆದವಾನಿ ಸೀಮೆಯಲ್ಲಿ ಅಂತಹ ನಿರ್ಜನ ಸರೋವರಗಳಿಲ್ಲ. ಆದರೆ ನೀರಿನ ಸಹವಾಸಕ್ಕೆ ಕೊರತೆಯಿಲ್ಲ.

ಉತ್ತರಕ್ಕೆ ಮಂತ್ರಾಲಯದ ಬಳಿ ತುಂಗಭದ್ರೆ. ಪೂರ್ವಕ್ಕೆ ಗೋನೆಗಂಡ್ಲದ ಸಮೀಪ ಹಂದ್ರಿ ನದಿಗೆ ಕಟ್ಟಿದ ಗಾಜುಲದಿನ್ನೆ ಜಲಾಶಯ. ಈ ಜಲಾಶಯಕ್ಕೆ ಇದೇ ಜಿಲ್ಲೆಯಲ್ಲಿ ಜನಿಸಿ 1960ರಲ್ಲಿ ಆಂಧ್ರದ ಮುಖ್ಯಮಂತ್ರಿಗಳಾದ ದಾಮೋದರಂ ಸಂಜೀವಯ್ಯನವರ ಹೆಸರನ್ನಿಡಲಾಗಿದೆ. 1953ರಲ್ಲಿ ನೀರು ನಿಲ್ಲಿಸಿದ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ ಕೆಳಮಟ್ಟದ ಕಾಲುವೆ ಬಳ್ಳಾರಿ ಸೀಮೆಯನ್ನು ದಾಟಿ ನಮ್ಮ ಹೊಲಗಳಿಗೆ ಬರುತ್ತದೆ.

ಈ ನದಿಯ ದೋಣಿ ಹರಿಗೋಲು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯಲ್ಲಿ ಬುಟ್ಟಿಯಂತಹ ದೋಣಿಗಳಲ್ಲಿ ಜನರೂ ಎತ್ತು ಕುದುರೆಗಳೂ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಬಿದಿರಿನ ಸೀಳುಗಳನ್ನು ಹೆಣೆದು ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಹರಿಗೋಲಿಗೆ ಹಿಂದು ಮುಂದುಗಳಿಲ್ಲ. ಒಂದೇ ಬದಿಯಲ್ಲಿ ಹುಟ್ಟು ಹಾಕಿದರೆ ಅದು ಬುಗುರಿಯಂತೆ ಸುತ್ತುತ್ತದೆ. ಸಾಗಬೇಕಾದ ದಿಕ್ಕಿಗೆ ಮುಖ ಮಾಡಿ, ಮುಂದಿನ ನೀರನ್ನು ತನ್ನತ್ತ ಎಳೆದುಕೊಳ್ಳುವುದೇ ಅಂಬಿಗನ ವಿದ್ಯೆ. ದಡ ಸೇರಿದ ಮೇಲೆ ಅವನೂ ದೋಣಿಯನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತಾನೆ.

ಹೋಗಲು ಸೂಕ್ತವಾದ ಕಾಲ ಮಳೆ ನಿಂತ ನಂತರದ ಚಳಿಗಾಲ. ಮಳೆಗಾಲದಲ್ಲಿ ನದಿಯ ಮಟ್ಟ ನಮ್ಮ ಊರಿನ ಮಳೆಯನ್ನು ಅನುಸರಿಸುವುದಿಲ್ಲ. ಮಲೆನಾಡಿನ ಮಳೆಯನ್ನೂ ಅಣೆಕಟ್ಟೆಯ ಗೇಟುಗಳನ್ನೂ ಅನುಸರಿಸುತ್ತದೆ. ಇಲ್ಲಿ ಬಿಸಿಲಿದ್ದಾಗಲೇ ಪ್ರವಾಹ ಬರಬಹುದು. 2009ರ ಅಕ್ಟೋಬರಿನಲ್ಲಿ ಮಂತ್ರಾಲಯವೂ ಕರ್ನೂಲೂ ಮುಳುಗಿದ್ದನ್ನು ಯಾರೂ ಮರೆತಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ ನದೀತೀರದ ಊರುಗಳು ಮತ್ತೊಮ್ಮೆ ಎಚ್ಚರದಿಂದಿರಬೇಕಾಯಿತು. ಆದುದರಿಂದ ಮರಳಿನ ಹಾಸು ಎಷ್ಟೇ ಸೊಗಸಾಗಿ ಕಂಡರೂ ನದಿಯ ಪಾತ್ರದಲ್ಲಿ ಬಿಡಾರ ಹೂಡಬಾರದು. ಎತ್ತರದ ದಡದಲ್ಲಿ, ಊರವರನ್ನು ಕೇಳಿ, ಅವರು ತೋರಿದ ಜಾಗದಲ್ಲಿಯೇ ತಂಗಬೇಕು.

ಮೀನುಗಾರಿಕೆಗೂ ಇದೇ ಮಾತು. ಜಲಾಶಯದ ಮೀನು ಬೆಸ್ತರ ಜೀವನೋಪಾಯ. ಅವರನ್ನು ಕೇಳದೆ ಗಾಳ ಹಾಕುವುದು ಇನ್ನೊಬ್ಬರ ಹೊಲದಲ್ಲಿ ತೆನೆ ಮುರಿದಂತೆ. ಸ್ನಾನಘಟ್ಟದ ಬಳಿ ಗಾಳ ಬೇಡ. ಮೀನು ಮೊಟ್ಟೆಯಿಡುವ ಮಳೆಗಾಲದಲ್ಲಂತೂ ಬೇಡವೇ ಬೇಡ. ನದಿಯಲ್ಲಿ ನೀರುನಾಯಿಗಳಿಗೂ ಮೊಸಳೆಗಳಿಗೂ ಪಾಲುಂಟು. ಮೇಲ್ಭಾಗದಲ್ಲಿ, ಹೊಸಪೇಟೆಯಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು ಕರ್ನಾಟಕ ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಿತ ತಾಣವೆಂದು ಘೋಷಿಸಿದೆ.

ಸ್ನಾನಕ್ಕಿಳಿದ ಯುವಕರು ಮುಳುಗಿದರೆಂಬ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತೇವೆ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಕಾಲುವೆಯ ಜಾರುವ ಇಳಿಜಾರು ಹತ್ತಲು ಬಿಡುವುದಿಲ್ಲ. ಎಲ್ಲಿ ಆಳ, ಎಲ್ಲಿ ಸುಳಿ ಎಂಬುದನ್ನು ಬಲ್ಲವರು ಅಂಬಿಗರೂ ಬೆಸ್ತರೂ. ಸೇತುವೆಗಳು ಬಂದಂತೆ ಅವರ ಕಸುಬು ಕ್ಷೀಣಿಸಿದೆ. ಕಸುಬಿನೊಡನೆ ಆ ಅರಿವೂ ಹೋಗಬಾರದು.

ರಜೆಗೆ ಊರಿಗೆ ಬಂದಾಗ ಮಕ್ಕಳನ್ನು ನದಿಗೆ ಕರೆದೊಯ್ಯಿರಿ. ಮೊದಲು ಅಂಬಿಗನನ್ನು ಮಾತನಾಡಿಸಿ, ಅನಂತರ ನೀರಿಗಿಳಿಯಿರಿ. ನಾಲ್ಕು ಪಾಠಗಳಲ್ಲಿ ಹೇಳಲಾಗದ ಭೂಗೋಳವನ್ನು ಅವನು ಒಂದು ಹೊತ್ತಿನಲ್ಲಿ ಕಲಿಸುತ್ತಾನೆ.